ಫೈಟರ್ ಮೀನಿನ ಬಾಲ ಕರಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ನೀಲಿ ಹಾಫ್‌ಮೂನ್ ಫೈಟರ್ ತಂದು ನಾಲ್ಕು ತಿಂಗಳಾಯಿತು. 3 ಲೀಟರ್ ಹಿಡಿಯುವ ಗಾಜಿನ ಬೌಲ್‌ನಲ್ಲಿದೆ. ಪ್ರತಿ ಭಾನುವಾರ ಬೌಲ್ ಪೂರ್ತಿ ತೊಳೆದು ಹೊಸ ನೀರು ಹಾಕುತ್ತೇವೆ. ಹದಿನೈದು ದಿನದಿಂದ ಬಾಲದ ಅಂಚು ಕಪ್ಪಾಗಿ, ಚೂರು ಚೂರಾಗಿ ಉದುರುತ್ತಿದೆ. ಅಂಗಡಿಯಲ್ಲಿ ಕೊಟ್ಟ ನೀಲಿ ಔಷಧಿ ದಿನಾ ಎರಡು ಹನಿ ಹಾಕಿದರೂ ಕಡಿಮೆ ಆಗಿಲ್ಲ. ಮಗಳು ಅಳುತ್ತಿದ್ದಾಳೆ. ಮೀನು ಉಳಿಯುತ್ತಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೊಳೆತ ಇನ್ನೂ ಬಾಲದ ಅಂಚಿನಲ್ಲೇ ಇದ್ದು ಮೈ ತನಕ ಬಂದಿಲ್ಲದಿದ್ದರೆ ಉಳಿಯುವ ಸಾಧ್ಯತೆ ಜಾಸ್ತಿ. ಮಗಳಿಗೆ ಧೈರ್ಯ ಹೇಳಿ. ಇದಕ್ಕೆ ಫಿನ್ ರಾಟ್, ಅಂದರೆ ರೆಕ್ಕೆ ಕೊಳೆಯುವ ರೋಗ ಅನ್ನುತ್ತಾರೆ.

ಏರೊಮೊನಾಸ್, ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಎಲ್ಲ ನೀರಿನಲ್ಲೂ ಇರುತ್ತವೆ. ಗಟ್ಟಿಮುಟ್ಟಾದ ಮೀನಿಗೆ ಅವುಗಳಿಂದ ತೊಂದರೆ ಇಲ್ಲ. ಮೀನು ಸೊರಗಿದಾಗ ಹಿಡಿದುಕೊಳ್ಳುತ್ತವೆ. ನಿಮ್ಮ ಮೀನು ಸೊರಗಿದ್ದು ಯಾಕೆ ಅಂದರೆ, ಅದು ಕಿವಿರಿನಿಂದ ಬಿಡುವ ಅಮೋನಿಯಾ ಹೋಗಲು ಜಾಗವಿಲ್ಲದೆ 3 ಲೀಟರ್ ನೀರಿನಲ್ಲೇ ವಾರವಿಡೀ ಸೇರಿಕೊಳ್ಳುತ್ತಾ ಬರುತ್ತದೆ, ಆಮೇಲೆ ಭಾನುವಾರ ಒಂದೇ ಸಲಕ್ಕೆ ಬೇರೆ ನೀರು, ಬೇರೆ ತಂಪು, ಜೊತೆಗೆ ನಲ್ಲಿ ನೀರಿನ ಕ್ಲೋರಿನ್. ಅಮೋನಿಯಾ ತಿಂದು ನೀರು ಸರಿಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಗಾಜಿಗೆ ಅಂಟಿಕೊಂಡಿದ್ದರೆ ಅದೂ ತೊಳೆದು ಹೋಯಿತು.

"ಫೈಟರ್‌ಗೆ ಬೌಲ್ ಸಾಕು" ಅಂತ ನಿಮಗೆ ಯಾರೋ ಹೇಳಿರುತ್ತಾರೆ, ಅಲ್ವಾ? ಇದು ಥಾಯ್ಲೆಂಡ್ ಕಡೆಯ ಗದ್ದೆ, ಜೌಗುಗಳ ಮೀನು. ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು, ಹಾಗಾಗಿ ಬೌಲ್‌ನಲ್ಲಿ ಉಸಿರುಕಟ್ಟಿ ಸಾಯುವುದಿಲ್ಲ. ಆದರೆ ಅಮೋನಿಯಾದ ಉರಿಯನ್ನು ಗಾಳಿ ತಡೆಯುವುದಿಲ್ಲ. ಈ ಎರಡನ್ನು ಒಂದೇ ಅಂದುಕೊಂಡು ಎಷ್ಟೋ ಮೀನುಗಳು ನರಳುತ್ತವೆ, ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಈಗ ಮಾಡಬೇಕಾದ್ದು. ನೀಲಿ ಔಷಧಿ ನಿಲ್ಲಿಸಿ. ಅದು ಬಹುಶಃ ಮೆಥಿಲೀನ್ ಬ್ಲೂ. ಬೂಷ್ಟಿಗೆ ಸ್ವಲ್ಪ ಕೆಲಸ ಮಾಡುತ್ತದೆ, ಫಿನ್ ರಾಟ್‌ಗೆ ಅಷ್ಟಕ್ಕಷ್ಟೆ. ಸೋಪು ಕಾಣದ 10 ಲೀಟರ್ ಪ್ಲಾಸ್ಟಿಕ್ ಟಬ್ ಒಂದು ತೆಗೆದುಕೊಳ್ಳಿ. ಕಾವೇರಿ ನೀರಾದರೆ ಆಂಟಿ-ಕ್ಲೋರಿನ್ ಹನಿ ಹಾಕಿ. ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ನಿಜ, ಆದರೆ ಕ್ಲೋರಮೀನ್ (ಕ್ಲೋರಿನ್, ಅಮೋನಿಯಾ ಸೇರಿ ಆದದ್ದು) ಹಾಗೆ ಹೋಗುವುದಿಲ್ಲ, ಹನಿ ಹಾಕುವುದೇ ಕ್ಷೇಮ. ಬೋರ್‌ವೆಲ್ ನೀರು ಗಡಸಾದರೂ ಮೀನು ನಿಧಾನವಾಗಿ ಹೊಂದಿಕೊಳ್ಳುತ್ತದೆ. ಒಂದು ವಾರ ಕಾವೇರಿ, ಇನ್ನೊಂದು ವಾರ ಟ್ಯಾಂಕರ್ ಅಂತ ಬದಲಾಯಿಸುವುದೇ ತೊಂದರೆ. ಬರೀ ಆರ್‌ಓ ನೀರು ಮಾತ್ರ ಬೇಡ, ಅದರಲ್ಲಿ ಖನಿಜ ಇರುವುದಿಲ್ಲ.

ಮೀನನ್ನು ಆ ನೀರಿಗೆ ಒಮ್ಮೆಗೇ ಬಿಡಬೇಡಿ, ಅರ್ಧ ಗಂಟೆ ಮೀನಿರುವ ನೀರಿಗೆ ಹೊಸ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಆಮೇಲೆ ದಿನಾ ಕಾಲು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ತಳದ ಕಸ, ತಿನ್ನದೆ ಉಳಿದ ಕಾಳು ಸಣ್ಣ ಪೈಪಿನಲ್ಲಿ ಎಳೆದು ತೆಗೆಯಿರಿ. ನೀರು 26–27 ಡಿಗ್ರಿ ಇರಲಿ. ಡಿಸೆಂಬರ್, ಜನವರಿಯ ರಾತ್ರಿ ಬೆಂಗಳೂರಿನ ಮನೆಯೊಳಗೂ ನೀರು ತುಂಬಾ ತಣ್ಣಗಾಗುತ್ತದೆ, ತಣ್ಣಗಿದ್ದರೆ ಗಾಯ ಬೇಗ ಮಾಯುವುದಿಲ್ಲ. ಥರ್ಮೋಸ್ಟ್ಯಾಟ್ ಇರುವ ಚಿಕ್ಕ ಹೀಟರ್ ಕೊಂಡುಕೊಳ್ಳಿ, ಒಂದು ಥರ್ಮಾಮೀಟರ್ ಕೂಡ.

ಜೊತೆಗೆ ಉಪ್ಪು. ಅಕ್ವೇರಿಯಂ ಸಾಲ್ಟ್ ಅಥವಾ ಏನೂ ಬೆರೆಸದ ಕಲ್ಲುಪ್ಪು, ಲೀಟರಿಗೆ 1 ಗ್ರಾಂ ಲೆಕ್ಕ, ಬೇರೆ ಲೋಟದಲ್ಲಿ ಕರಗಿಸಿ ಹಾಕಿ. ಉಪ್ಪು ಆವಿಯಾಗಿ ಹೋಗುವುದಿಲ್ಲ, ಆದ್ದರಿಂದ ಎಷ್ಟು ನೀರು ತೆಗೆದಿರೋ ಅಷ್ಟಕ್ಕೆ ಮಾತ್ರ ಮತ್ತೆ ಉಪ್ಪು. 10 ದಿನಕ್ಕೆ ನಿಲ್ಲಿಸಿ. ನಮ್ಮ ರಸ್ತೆ ಬದಿಯ ಕಾಡು ಬಾದಾಮಿ ಮರದ ಒಣಗಿ ಬಿದ್ದ ಎಲೆಯನ್ನೂ ಬಳಸಬಹುದು. ಔಷಧಿ ಸಿಂಪಡಿಸದ ಜಾಗದ್ದು ಆರಿಸಿ, ತೊಳೆದು, ಅರ್ಧ ಎಲೆ ಹಾಕಿ. ನೀರು ಚಹಾದ ಬಣ್ಣ ಆಗುತ್ತದೆ, ಗಾಬರಿ ಬೇಡ. ಎಲೆ ಆಸರೆ ಅಷ್ಟೇ, ಅದೊಂದನ್ನೇ ನಂಬಿ ಕೂರಬೇಡಿ.

ಒಂದು ವಾರ ಹೀಗೆ ಮಾಡಿದರೂ ಕೊಳೆತ ಮುಂದುವರಿದರೆ, ರೆಕ್ಕೆಯಲ್ಲಿ ಕೆಂಪು ಗೆರೆ ಬಂದರೆ, ಅಥವಾ ಕೊಳೆತ ರೆಕ್ಕೆಯ ಬುಡ ಮುಟ್ಟುತ್ತಿದ್ದರೆ ಮೀನಿಗೆಂದೇ ಮಾಡಿದ ಆಂಟಿಬಯೋಟಿಕ್ ಬೇಕಾಗುತ್ತದೆ. ಚೀಟಿಯಲ್ಲಿ ಬರೆದಷ್ಟು ದಿನ ಪೂರ್ತಿ ಹಾಕಿ, ಸ್ವಲ್ಪ ಚೇತರಿಸಿದ ಕೂಡಲೇ ಬಿಡಬೇಡಿ. ಮನೆಯಲ್ಲಿ ನಮಗೆ ತಂದ ಕ್ಯಾಪ್ಸೂಲ್ ಒಡೆದು ಸುರಿಯುವುದಂತೂ ಬೇಡವೇ ಬೇಡ.

ಮೀನು ಟಬ್‌ನಲ್ಲಿರುವಾಗಲೇ 15–20 ಲೀಟರಿನ ತೊಟ್ಟಿ, ಒಂದು ಸ್ಪಾಂಜ್ ಫಿಲ್ಟರ್ ತಂದಿಡಿ. ಅಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು, ಅಲ್ಲಿಯವರೆಗೆ ನೀರು ಬದಲಾಯಿಸುತ್ತಲೇ ಇರಬೇಕು. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ದಯವಿಟ್ಟು ಆ ಬೌಲ್‌ಗೆ ಮತ್ತೆ ಹಾಕಬೇಡಿ.

ಪ್ರಶ್ನೆ: ನಮ್ಮ ಫೈಟರ್‌ಗೆ ಫಿನ್ ರಾಟ್ ಆಗಿತ್ತು, ಕಪ್ಪು ಅಂಚು ಹೋಯಿತು. ಈಗ ತುದಿಯಲ್ಲಿ ಪ್ಲಾಸ್ಟಿಕ್ ಹಾಳೆ ಥರ ತೆಳು ಪೊರೆ ಬಂದಿದೆ. ಬೂಷ್ಟು ಹಿಡೀತಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಲ್ಲ, ಅದು ಹೊಸ ರೆಕ್ಕೆ! ಮೊದಲು ಬಣ್ಣವಿಲ್ಲದೆ ಬರುತ್ತದೆ, ಬಣ್ಣ ಆಮೇಲೆ ತುಂಬಿಕೊಳ್ಳುತ್ತದೆ. ಬೂಷ್ಟಾದರೆ ಹತ್ತಿಯ ಎಳೆ ಥರ ಉಬ್ಬಿಕೊಂಡಿರುತ್ತದೆ. ನಮ್ಮ ಮನೆಯ ಕೆಂಪು ಮೀನಿಗೆ ಇದೇ ಪೊರೆ ಬಂದಾಗ ನಾನೂ ತಪ್ಪು ತಿಳಿದು ಮತ್ತೆ ಔಷಧಿ ಸುರಿದಿದ್ದೆ, ಪಾಪ, ಎರಡು ದಿನ ಮೂಲೆ ಹಿಡಿದು ಕೂತುಬಿಟ್ಟಿತು. ಔಷಧಿ ನಿಲ್ಲಿಸಿ ಶುದ್ಧ ನೀರು ಕೊಟ್ಟೆ, ಬಾಲ ತುಂಬಲು ಎರಡು ತಿಂಗಳು ಹಿಡಿಯಿತು, ತುದಿ ಇವತ್ತಿಗೂ ಸ್ವಲ್ಪ ಮಾಸಲು. ನೀವು ವಾರಕ್ಕೊಮ್ಮೆ ಒಂದೇ ಜಾಗದಿಂದ ಫೋಟೊ ತೆಗೆದಿಡಿ, ಬೆಳವಣಿಗೆ ಗೊತ್ತಾಗುತ್ತದೆ. ಈ ಪೊರೆ ಬಲು ಮೆದು, ಚೂಪಾದ ಪ್ಲಾಸ್ಟಿಕ್ ಗಿಡ ಇದ್ದರೆ ಇವತ್ತೇ ತೆಗೆದುಬಿಡಿ.

ಪ್ರಶ್ನೆ: ರಾತ್ರಿ ಸರಿಯಾಗಿದ್ದ ಬಾಲ ಬೆಳಗ್ಗೆ ಅರ್ಧ ಇಲ್ಲ. ಇದೂ ಫಿನ್ ರಾಟಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಷ್ಟು ಬೇಗ, ಅಂಚು ಕಪ್ಪಾಗದೆ, ಕಚ್ಚಿದ ಹಾಗೆ ಅರ್ಧಚಂದ್ರಾಕಾರ ಆಗಿದ್ದರೆ ಮೀನೇ ಕಚ್ಚಿಕೊಂಡಿದೆ. ಉದ್ದ ಬಾಲದವು ಹೀಗೆ ಮಾಡುತ್ತವೆ. ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡು ಕೆರಳುತ್ತಿದೆಯಾ ನೋಡಿ, ಫಿಲ್ಟರ್‌ನ ರಭಸ ಕಡಿಮೆ ಮಾಡಿ, ಅಡಗಿಕೊಳ್ಳಲು ನಾಲ್ಕು ನಿಜವಾದ ಗಿಡ ಹಾಕಿ. ಔಷಧಿ ಸದ್ಯಕ್ಕೆ ಬೇಡ. ಆದರೆ ಆ ಗಾಯಕ್ಕೆ ಫಿನ್ ರಾಟ್ ಹತ್ತಬಹುದು, ಎರಡು ವಾರ ದಿನಾ ಅಂಚು ನೋಡುತ್ತಿರಿ.