ದಿಂಬು ತೆಗೆಯಿರಿ, ಮಂಡಿ ನೇರವಾಗಲಿ

ಪ್ರಶ್ನೆ: ಅಮ್ಮನಿಗೆ ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ. ಫಿಸಿಯೋಥೆರಪಿಸ್ಟ್ ವಾರಕ್ಕೆರಡು ದಿನ ಬರುತ್ತಾರೆ. ಉಳಿದ ದಿನ ಅಮ್ಮ ಮಂಡಿಯಡಿ ದಿಂಬಿಟ್ಟು ಮಲಗಿರುತ್ತಾರೆ. ಕಾಲು ಪೂರ್ತಿ ನೇರವಾಗುತ್ತಿಲ್ಲ. ಏನು ಮಾಡೋಣ?

ಉತ್ತರ: ಮೊದಲು ಆ ದಿಂಬು ತೆಗೆಯಿರಿ. ಬಾಗಿದ ಮಂಡಿಗೆ ಹಿತವೆನಿಸುತ್ತದೆ, ನಿಜ. ಆದರೆ ಹಾಗೇ ಬಿಟ್ಟರೆ ಹಿಂಬದಿಯ ಅಂಗಾಂಶ ಬಿಗಿದುಕೊಂಡು ನಡಿಗೆಯಲ್ಲಿ ಕುಂಟು ಉಳಿದುಬಿಡುತ್ತದೆ. ವಾರಕ್ಕೆರಡು ದಿನದ ಚಿಕಿತ್ಸೆ ದಾರಿ ತೋರಿಸುತ್ತದೆ ಅಷ್ಟೆ. ಮಂಡಿ ಸಡಿಲವಾಗುವುದು ಅಮ್ಮ ದಿನವೂ ಮಾಡುವ ವ್ಯಾಯಾಮದಿಂದ.

ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಡಿ. ತೊಡೆ ಬಿಗಿದು, ಮಂಡಿಯ ಹಿಂಬದಿಯನ್ನು ಹಾಸಿಗೆಯತ್ತ ಒತ್ತಿ 5 ಸೆಕೆಂಡ್ ಹಿಡಿಯಲಿ. ಹೀಗೆ 10 ಬಾರಿ, ದಿನಕ್ಕೆ 3 ಸಲ. ಉಸಿರು ಕಟ್ಟಬಾರದು. ತೊಡೆಯ ಮೇಲೆ ಅಂಗೈ ಇಟ್ಟುಕೊಂಡರೆ ಸ್ನಾಯು ಗಟ್ಟಿಯಾಗುವುದು ಅವರಿಗೇ ತಿಳಿಯುತ್ತದೆ. ಬಾಗಿಸುವುದಕ್ಕೆ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ನಿಧಾನವಾಗಿ ಹಿಂದಕ್ಕೆ ಜಾರಿಸಲಿ. ಪಾದದಡಿ ಪ್ಲಾಸ್ಟಿಕ್ ಕವರ್ ಇದ್ದರೆ ಸಲೀಸು.

ವೈದ್ಯರು ಬರೆದ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ಮರುದಿನ ಊತ ಹೆಚ್ಚಿದ್ದರೆ ಎಣಿಕೆ ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ. ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರಾಟ ಕಷ್ಟವಾದರೆ, ಗಾಯದಿಂದ ಕೀವು ಬಂದರೆ ವ್ಯಾಯಾಮ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.