ಟೆರೇಸ್‌ ಮೇಲಿನ ಅರಿಶಿನ: ಎಲೆ ಹಳದಿಯಾದರೆ ಕೀಳಬಹುದೇ?

ಮೇ ಕೊನೆಯಲ್ಲಿ ಗ್ರೋ ಬ್ಯಾಗ್‌ಗೆ ಹಾಕಿದ ಅರಿಶಿನ, ಡಿಸೆಂಬರ್ ಮೊದಲ ವಾರಕ್ಕೇ ಕೆಳಗಿನ ಎಲೆ ಹಳದಿಯಾಗಿದೆ, ಕಿತ್ತುಬಿಡಲೇ ಎಂದು ಕೇಳಿದ್ದೀರಿ. ಬಣ್ಣ ಒಂದನ್ನೇ ನಂಬಿ ಕೀಳಬೇಡಿ.

ಮೊದಲು ಕಾಂಡದ ಬುಡ ಹಿಡಿದು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕಿತ್ತು ಬಂದು, ಬುಡ ಮೆತ್ತಗೆ ನೀರುನೀರಾಗಿದ್ದರೆ ಅದು ಗಡ್ಡೆ ಕೊಳೆ ರೋಗ. ಅಕ್ಟೋಬರ್-ನವೆಂಬರ್ ಮಳೆಗೆ ಬ್ಯಾಗಿನ ತೂತು ಕಟ್ಟಿಕೊಂಡು ನೀರು ನಿಂತರೆ ಬೆಂಗಳೂರಿನಲ್ಲಿ ಇದು ಮಾಮೂಲು. ಆ ಬ್ಯಾಗನ್ನು ಇವತ್ತೇ ಸುರಿದು, ಗಟ್ಟಿ ಇರುವ ಗಡ್ಡೆ ಆರಿಸಿ ಅಡುಗೆಗೆ ಬಳಸಿ. ಬೀಜಕ್ಕೆ ಇಡಬೇಡಿ. ಆ ಮಣ್ಣಿಗೆ ಮತ್ತೆ ಅರಿಶಿನವನ್ನಾಗಲಿ ಶುಂಠಿಯನ್ನಾಗಲಿ ಹಾಕಬೇಡಿ.

ಬುಡ ಗಟ್ಟಿಯಿದ್ದರೆ ಕಾಯಬೇಕು. ಸಾಮಾನ್ಯ ತಳಿಗಳು ಬಲಿಯಲು 7ರಿಂದ 9 ತಿಂಗಳು ಬೇಕು. ಕಲ್ಲಿಕೋಟೆಯ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ ‘ಪ್ರತಿಭಾ’ದಂಥವು ಸುಮಾರು 190 ದಿನಕ್ಕೇ ಬರುತ್ತವೆ. ಅಂಗಡಿಯಿಂದ ತಂದ ಹಸಿ ಕೊಂಬು ನೆಟ್ಟಿದ್ದರೆ ತಳಿ ಯಾವುದೆಂದು ತಿಳಿಯುವುದಿಲ್ಲವಲ್ಲ, ಗಿಡವನ್ನೇ ನೋಡಬೇಕು: ಎಲೆಯೆಲ್ಲ ಒಣಗಿ, ಕಾಂಡ ತಾನಾಗಿಯೇ ಮಲಗಬೇಕು. ಅಲ್ಲಿಯವರೆಗೂ ಎಲೆಯಲ್ಲಿರುವ ಸಾರ ಗಡ್ಡೆಗೆ ಇಳಿಯುತ್ತಲೇ ಇರುತ್ತದೆ. ಸಂಕ್ರಾಂತಿಗೆ ಮಾರ್ಕೆಟ್‌ಗೆ ಹಸಿರೆಲೆ ಸಮೇತ ಬರುವ ಅರಿಶಿನ ಗಿಡ ಕಂಡು ಅವಸರ ಬೀಳಬೇಡಿ. ಅದನ್ನು ಕಿತ್ತಿರುವುದು ಹಬ್ಬಕ್ಕೆ, ಪುಡಿಗಲ್ಲ.

ಅನುಮಾನವಿದ್ದರೆ ಬ್ಯಾಗಿನ ಅಂಚಿನಲ್ಲಿ ಮಣ್ಣು ಕೆದಕಿ ಒಂದು ಕೊಂಬು ಮುರಿದುಕೊಳ್ಳಿ. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಿದು ಬಂದರೆ ಇನ್ನೂ ಎಳಸು. ಉಪ್ಪಿನಕಾಯಿಗೆ ಅದೂ ಆಗುತ್ತದೆ, ಆದರೆ ಒಣಗಿಸಿದರೆ ಸುಕ್ಕಾಗಿ ತೂಕ ತೀರಾ ಇಳಿಯುತ್ತದೆ. ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿದ್ದು, ಒಳಗೆ ಕಡು ಕಿತ್ತಳೆ ಬಣ್ಣವಿದ್ದರೆ ಬಲಿತಿದೆ.

ಮುಕ್ಕಾಲು ಎಲೆ ಒಣಗಿದ ಮೇಲೆ ನೀರು ನಿಲ್ಲಿಸಿ, ಎರಡು-ಮೂರು ವಾರ ಬಿಡಿ. ಒಣಗಿದ ಗಿಡಕ್ಕೆ ನೀರು ಹಾಕುತ್ತಾ ಹೋದರೆ ಗಡ್ಡೆ ಕೊಳೆಯುತ್ತದೆ, ಇಲ್ಲವೇ ಮತ್ತೆ ಮೊಳಕೆಯೊಡೆಯುತ್ತದೆ. ಆಮೇಲೆ ಗುದ್ದಲಿ ಹಾಕದೆ ಇಡೀ ಬ್ಯಾಗನ್ನು ಹಾಳೆಯ ಮೇಲೆ ಮಗುಚಿ. ಗಾಯವಾದ ಗಡ್ಡೆ ಬೇಗ ಬೂಷ್ಟು ಹಿಡಿಯುತ್ತದೆ.

ಪುಡಿ ಬೇಕಿದ್ದರೆ ಎರಡು-ಮೂರು ದಿನದೊಳಗೆ ಬೇಯಿಸಿ. ತಾಯಿಗಡ್ಡೆ (ನಡುವಿನ ದಪ್ಪ ಗಡ್ಡೆ) ಮತ್ತು ಅದರಿಂದ ಕವಲೊಡೆದ ಕೊಂಬುಗಳನ್ನು ಬೇರೆಬೇರೆ ಇಡಿ, ಬೇಯುವ ಹೊತ್ತು ಒಂದೇ ಅಲ್ಲ. ಮುಳುಗುವಷ್ಟು ನೀರಿನಲ್ಲಿ 45ರಿಂದ 60 ನಿಮಿಷ. ನೊರೆ ಬಂದು, ಬಿಳಿ ಹಬೆಯ ಜೊತೆ ಅರಿಶಿನದ ಘಮ ಏಳಬೇಕು, ಕಡ್ಡಿ ಚುಚ್ಚಿದರೆ ಇಳಿಯಬೇಕು. ಜಾಸ್ತಿ ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಒಣಗಿದ ಕೊಂಬು ಪುಡಿಪುಡಿಯಾಗಿ ಒಡೆಯುತ್ತದೆ. ಜನವರಿ-ಫೆಬ್ರುವರಿ ಬಿಸಿಲಲ್ಲಿ 10ರಿಂದ 15 ದಿನ ಹರಡಿ, ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತನ್ನಿ. ಮುರಿದಾಗ ಟಣ್ಣೆಂದು ಸದ್ದು ಬಂದರೆ ಒಣಗಿದೆ. ಐದು ಕಿಲೋ ಹಸಿಗೆ ಒಂದು ಕಿಲೋ ಒಣ ಅರಿಶಿನ ಸಿಕ್ಕರೆ ಒಳ್ಳೆಯದೇ. ಇಡೀ ಕೊಂಬನ್ನು ಮಿಕ್ಸಿಗೆ ಹಾಕಿದರೆ ಬ್ಲೇಡ್ ಹೋಯಿತು ಅಂತಲೇ ಲೆಕ್ಕ, ಮೊದಲು ಕುಟ್ಟಿಕೊಳ್ಳಿ.

ಮುಂದಿನ ವರ್ಷದ ಬೀಜಕ್ಕೆ ಗಾಯವಿಲ್ಲದ ದಪ್ಪ ಗಡ್ಡೆಗಳನ್ನು ಬೇಯಿಸದೆ, ಒಣ ಮರಳಿನಲ್ಲಿ ಹೂತು ನೆರಳಲ್ಲಿಡಿ.