ಫಿಟ್ಜ್‌ಜೆರಾಲ್ಡ್‌ ರುಬಾಯತ್: ಯಾವುದನ್ನು ಓದಲಿ?

ಪರ್ಷಿಯಾದ ಕವಿ ಉಮರ್ ಖಯ್ಯಾಮನ ನಾಲ್ಕು ಸಾಲಿನ ಪದ್ಯಗಳನ್ನು ಫಿಟ್ಜ್‌ಜೆರಾಲ್ಡ್‌ ಇಂಗ್ಲಿಷಿಗೆ ತಂದ ಪುಸ್ತಕ ‘ರುಬಾಯತ್’. ನಿಮ್ಮ ಪ್ರತಿಯಲ್ಲಿ 75 ಪದ್ಯ, ಗೆಳೆಯರ ಪ್ರತಿಯಲ್ಲಿ 101, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ! ಎಡ್ವರ್ಡ್ ಫಿಟ್ಜ್‌ಜೆರಾಲ್ಡ್‌ಗೆ ತಿದ್ದುವ ಚಟ. 1859ರ ಮೊದಲ ಮುದ್ರಣದಲ್ಲಿ 75 ಇತ್ತು, 1868ರಲ್ಲಿ 110 ಆಯಿತು, 1872ರಲ್ಲಿ 101ಕ್ಕೆ ಇಳಿಸಿದ.

ನನ್ನ ಓಟು ಮೊದಲನೆಯದಕ್ಕೆ. ಶುರುವಿನ ಪದ್ಯವನ್ನೇ ನೋಡಿ. ಇರುಳೆಂಬ ಬಟ್ಟಲಿಗೆ ಬೆಳಗು ಕಲ್ಲು ಎಸೆಯುತ್ತೆ, ನಕ್ಷತ್ರಗಳು ಓಡಿಹೋಗುತ್ತವೆ. ಮರುಭೂಮಿಯಲ್ಲಿ ಬಟ್ಟಲಿಗೆ ಕಲ್ಲು ಎಸೆದರೆ ಕುದುರೆ ಹತ್ತಿ ಹೊರಡಿ ಅಂತ ಸೂಚನೆ ಎಂದು ಅವನೇ ಟಿಪ್ಪಣಿ ಬರೆದಿದ್ದಾನೆ. ಆಮೇಲಿನ ಮುದ್ರಣಗಳಲ್ಲಿ ಈ ಕಲ್ಲೇ ಇಲ್ಲ. ಸುಮ್ನೆ ಕಳೆದುಬಿಟ್ಟ ಅನಿಸುತ್ತೆ.

ಇದು ಅನುವಾದವೇ ಅಂತಲೂ ಕೇಳಿದ್ದೀರಿ. ಪದಕ್ಕೆ ಪದ ಅಲ್ಲ. ಅವನಿಗೆ ಪಾರ್ಸಿ (ಪರ್ಷಿಯನ್) ಭಾಷೆ ಕಲಿಸಿದ್ದು ಗೆಳೆಯ ಎಡ್ವರ್ಡ್ ಕೋವೆಲ್, ವಯಸ್ಸಿನಲ್ಲಿ ಚಿಕ್ಕವನು. ಆಕ್ಸ್‌ಫರ್ಡಿನಲ್ಲಿ ಕೋವೆಲ್ ಉಮರನ ಪದ್ಯಗಳ ಒಂದು ಹಸ್ತಪ್ರತಿ ಹುಡುಕಿಕೊಟ್ಟ, ಕಲ್ಕತ್ತೆಗೆ ಬಂದ ಮೇಲೆ ಇನ್ನೊಂದರ ನಕಲು ಕಳಿಸಿದ. ಫಿಟ್ಜ್‌ಜೆರಾಲ್ಡ್‌ ಎರಡು ಮೂರು ಪದ್ಯ ಕಲಸಿ ಒಂದು ಮಾಡಿದ್ದೂ ಉಂಟು. ಒಣಗಿಸಿಟ್ಟ ಹದ್ದಿಗಿಂತ ಜೀವಂತ ಗುಬ್ಬಚ್ಚಿ ವಾಸಿ ಅನ್ನೋದು ಅವನ ವಾದ. ಒಪ್ಪುವಂಥದ್ದೇ, ಅಲ್ವಾ?

ಅಂದಹಾಗೆ, ಡಿವಿಜಿಯವರ ‘ಉಮರನ ಒಸಗೆ’ಗೂ ಆಧಾರ ಇವನ ಇಂಗ್ಲಿಷೇ. ಪಕ್ಕದಲ್ಲಿಟ್ಟುಕೊಂಡು ಓದಿ.